ಫಕ್ಕೀರವ್ವ ಅಂತ ಯಾರು ಕರೆಯಬೇಕು

ತಮ್ಮನಿಗೆ ಎರಡನೆಯದು ಹೆಣ್ಣಾಯಿತು. ಬೆಟಗೇರಿಯ ನನ್ನ ತವರುಮನೆಯಲ್ಲೇ ತೊಟ್ಟಿಲಿಗೆ ಹಾಕುವುದೆಂದು ಗೊತ್ತಾಯಿತು. ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ಅಂದರೆ ನಾನು. ಹೆಸರು ಹೇಳುತ್ತಿದ್ದಂತೆ ಸುತ್ತಲಿನ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುವುದು ನಮ್ಮ ಕಡೆಯ ಪದ್ಧತಿ. ಗುದ್ದು ತಿನ್ನುವವಳು ನಾನಾದ ಮೇಲೆ ಹೆಸರಿನಲ್ಲಿ ಮೂಗು ತೂರಿಸುವ ಹಕ್ಕೂ ನನ್ನದೇ ಎಂದು ನಾನು ತಿಳಿದವಳು.

ತಮ್ಮನಿಗೆ ನಮ್ಮ ಅವ್ವನ ಹೆಸರನ್ನೇ ಇಡಬೇಕೆಂಬ ಆಸೆ. ಅವ್ವನ ಹೆಸರು ಫಕ್ಕೀರವ್ವ. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಶಿರಹಟ್ಟಿಯ ಮಠಕ್ಕೆ ಅಜ್ಜಿ ಹರಕೆ ಹೊತ್ತು ಹಡೆದ ಮಗಳು, ಹೆಸರೂ ಅಲ್ಲಿಯ ಸ್ವಾಮಿಯದೇ. ಆ ಕಾಲಕ್ಕೆ ಓಣಿಗೊಬ್ಬಳು ಫಕ್ಕೀರವ್ವ ಇದ್ದಳಂತೆ. ಈಗ ಲಕ್ಷ್ಮೇಶ್ವರದ ನನ್ನ ಶಾಲೆಯಲ್ಲಿ ಹಾಜರಿ ಕರೆದರೆ ಒಬ್ಬಳೂ ಇಲ್ಲ. ಇರುವುದೆಲ್ಲ ಎರಡೂವರೆ ಅಕ್ಷರದ ಹೆಸರುಗಳು. ಅರ್ಥ ಕೇಳಿದರೆ ಹೆತ್ತವರು ಮೊಬೈಲ್ ತೆಗೆಯುತ್ತಾರೆ.

ಹಳೆಯ ಹೆಸರು ಮತ್ತೆ ಬರಬೇಕೇ, ಜನ ಏನನ್ನುತ್ತಾರೆ? ನನಗೆ ತಡೆಯಲಾಗದ ಕುತೂಹಲ. ಸಿಕ್ಕಸಿಕ್ಕವರನ್ನು ಕೇಳಿದೆ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ, ನಾಗಾವಿಯ ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗಿ ಹೆಸರು ಬಹಳ ಚೆನ್ನಾಗಿದೆ ಎಂದಳು. ನಿನ್ನ ಮಗಳಿಗೆ ಇಡುತ್ತೀಯಾ ಅಂದದ್ದಕ್ಕೆ ಕಿಟಕಿಯಾಚೆ ನೋಡಿದಳು. ನಮ್ಮ ಓಣಿಗೆ ಬಳೆ ಇಡಿಸಲು ಬರುವ ಮುಸಲ್ಮಾನರ ಮುದುಕಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. "ಅದು ನಿಮ್ದೂ ಹೌದು, ನಮ್ದೂ ಹೌದು. ನಮ್ಮ ಅತ್ತೀನೂ ಫಕೀರಬೀನ. ಇಡ್ರಿ, ಹೆಸರು ಮಂದಿ ಬಾಯಾಗ ಆಡಬೇಕು," ಅಂದಳು.

ಬಾಯಿ ಬಿಡದವಳೆಂದರೆ ತಮ್ಮನ ಹೆಂಡತಿ. ಅವಳಿಗೆ ಹೆಸರು ಹಳ್ಳಿಯದಾಯಿತು, ಹೇಳಲು ಸಂಕೋಚ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಹೆಸರಿಡುವ ಹಿಂದಿನ ದಿನ ಪಡಸಾಲೆಯಲ್ಲಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿದ್ದಳು. ನೇರವಾಗಿ ಕೇಳಿಯೇಬಿಟ್ಟೆ.

"ಹೆಸರು ಚಲೋ ಐತ್ರಿ ಅಕ್ಕಾರ," ಎಂದಳು. "ಆದ್ರ ಅತ್ತೀ ಹೆಸರು ಹಿಡದು ನಾ ಹೆಂಗ ಕರೀಲಿ? ಊರ ಮಂದಿ ಎಲ್ಲಾ ಕರೀತಾರ, ಹಡದಾಕಿ ಒಬ್ಬಾಕಿ ಬಿಟ್ಟು."

ನಾನೂ ನನ್ನ ಅತ್ತೆಯ ಹೆಸರನ್ನು ಈವರೆಗೆ ಬಾಯಿಂದ ಆಡಿದವಳಲ್ಲ. ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವಾಗಲೂ ಅಂಗೈ ಮೇಲೆ ಬರೆದು ತೋರಿಸಿದ್ದೇನೆ. ಕಂಡಕಂಡವರ ಅಭಿಪ್ರಾಯ ಕೇಳುತ್ತ ತಿರುಗಿದವಳಿಗೆ ಇದೊಂದು ಹೊಳೆದಿರಲಿಲ್ಲ. ತನ್ನ ಮಗಳನ್ನು ತಾನೇ ಕರೆಯಲಾಗದ ಹೆಸರು ಯಾವ ತಾಯಿಗೆ ಬೇಕು?

ಅವ್ವ ಅಲ್ಲೇ ಬಾಣಂತಿಯ ಅಡಿಗೆಗೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಈಗ ಕರಿ, ನೋಡೂಣು," ಅಂದಳು.

ಸೊಸೆ ಸೆರಗು ಎಳೆದುಕೊಂಡು ಬೇಡವೆಂದು ತಲೆಯಾಡಿಸಿದಳು.

"ಕೂಸಿಗೆ ಕರಿ. ನನಗಲ್ಲ."

ಅವಳು ನನ್ನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. ಆಮೇಲೆ ಬಗ್ಗಿ, ಕೂಸಿನ ಕಿವಿಗಷ್ಟೇ ಕೇಳುವಂತೆ ಕರೆದಳು. ಫಕ್ಕೀರವ್ವಾ.

ಕೂಸು ನಿದ್ದೆಯಲ್ಲಿತ್ತು. ಅವ್ವ "ಓ" ಎಂದಳು.

ನನಗೆ ನಗು ತಡೆಯಲಾಗಲಿಲ್ಲ, ಸೊಸೆಯೂ ನಕ್ಕಳು. ಅವ್ವ ನಗಲಿಲ್ಲ. ಕೈಯಲ್ಲಿನ ಬೆಳ್ಳುಳ್ಳಿ ಎಸಳನ್ನು ಹಾಗೇ ಹಿಡಿದುಕೊಂಡು ಕುಳಿತಿದ್ದಳು. "ನಮ್ಮಣ್ಣ ಹ್ವಾದ ಮ್ಯಾಲೆ ನನ್ನ ಹೆಸರು ಹಿಡದು ಯಾರೂ ಕರದಿದ್ದಿಲ್ಲ," ಎಂದಳು.

ನಮಗೆ ಅವಳು ಅವ್ವ, ಸೊಸೆಗೆ ಅತ್ತೆ, ಓಣಿಗೆ ಆಯಿ. ಹುಟ್ಟಿದಾಗ ಬಂದ ಹೆಸರನ್ನು ಕೂಗುವವರು ಒಬ್ಬೊಬ್ಬರಾಗಿ ತೀರಿಹೋಗಿದ್ದರು.

"ಇನ್ನೊಮ್ಮೆ ಕರಿ," ಎಂದಳು ಅವ್ವ.

ಸೊಸೆ ಈ ಸಲ ಕೂಸಿನ ಕಡೆಗೆ ಬಗ್ಗಲಿಲ್ಲ; ಅತ್ತೆಯ ಮುಖ ನೋಡಿಯೇ ಕರೆದಳು.