ಕಪಾಟಿನಲ್ಲಿದ್ದ ಕಾಗದಗಳು

ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದ ನಮ್ಮ ಬಿಲ್ಡಿಂಗಿನ ಕೆಳಗಿನ ಖೋಲಿಯಲ್ಲಿ ನಾನೊಂದು ಆಯಾ ಬ್ಯೂರೋ ನಡೆಸುತ್ತಿದ್ದೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು, ಅವರ ಮನೆಯಲ್ಲೇ ಉಳಿಯುವ ಹೆಂಗಸರನ್ನು ಕಳಿಸಿಕೊಡುವ ಕೆಲಸ. ಅದಕ್ಕೂ ಮೊದಲು ಕಲ್ಯಾಣದಲ್ಲಿ ಹದಿನೆಂಟು ವರ್ಷ ನರ್ಸಾಗಿ ದುಡಿದವಳು ನಾನು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಎಳೆಯ ಡಾಕ್ಟರುಗಳು ನನ್ನನ್ನು ಕಂಡರೆ ಎರಡೆರಡು ಸಲ ಕೈ ತೊಳೆದುಕೊಳ್ಳುತ್ತಿದ್ದರು.

ನಮ್ಮ ಧಂದೆಯಲ್ಲಿ ಎಂಥೆಂಥವರೋ ಇದ್ದರು. ಒಮ್ಮೆ ಒಬ್ಬ ಏಜೆಂಟ್ ಬಂದು, ಊರಿನಿಂದ ಆರು ಹುಡುಗಿಯರನ್ನು ತರಿಸಿಕೊಡುತ್ತೇನೆ, ಎಷ್ಟು ದುಡಿಸಿದರೂ ಕೇಳುವವರಿಲ್ಲ ಎಂದ. ಬದನೆಕಾಯಿ ಮಾರುವವನ ಹಾಗೆ ಹೇಳಿದ. ನಾನು ಬಾಯಿ ತೆರೆದ ರಭಸಕ್ಕೆ ಅವನು ಕೊಡೆಯನ್ನೂ ಬಿಟ್ಟು ಓಡಿದ. ಅವನ ನಂಬರನ್ನು ಪೊಲೀಸ್ ಚೌಕಿಗೆ ಕೊಟ್ಟೆ. ಕೊಡೆಯನ್ನು ನನ್ನ ಗಂಡ ಎರಡು ಮಳೆಗಾಲ ಹಿಡಿದು ತಿರುಗಿದರು. ಇಂಥ ಕಥೆಗಳನ್ನು ಹೇಳಿಕೊಂಡು ನಾನು ಬಹಳ ಬೀಗುತ್ತಿದ್ದೆ.

ಒಂದು ದೀಪಾವಳಿ ಕಳೆದ ಮೇಲೆ ಬಿಜಾಪುರ ಕಡೆಯ ಒಬ್ಬಳು ಕೆಲಸ ಕೇಳಿಕೊಂಡು ಬಂದಳು. ವಿಠ್ಠಲವಾಡಿಯ ಚಾಳಿನಲ್ಲಿ ಅಕ್ಕನ ಮನೆಯಲ್ಲಿದ್ದಳು. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ನಾನು ಪ್ರಶ್ನೆ ಕೇಳುವ ಮೊದಲೇ ಅವಳು ಶುರುಮಾಡಿದಳು.

"ಅಕ್ಕಾರ, ಒಂದು ಮಾತು ಮೊದಲ ಹೇಳ್ತೀನ್ರಿ. ಸಂಕ್ರಮಣ ಆದಮ್ಯಾಲ ನನ್ನ ಮಗಳ ಕುಬಸ ಐತಿ, ಚೊಚ್ಚಲ ಬಸರಿ. ಆಕಿಗೆ ತಂದಿ ಇಲ್ಲ. ಹಸರ ಸೀರಿ ಉಡಸಾಕ ನಾನ ಹೋಗಬೇಕು. ಎಂಟ ದಿನ ಬಿಡಬೇಕ್ರಿ."

"ಹೋಗು ಮಾರಾಯ್ತಿ, ಯಾರು ಬೇಡ ಅಂತಾರೆ?" ಎಂದೆ. ಹಾಗೆನ್ನುತ್ತಲೇ ಅವಳ ರೇಷನ್ ಕಾರ್ಡು, ಮತದಾರರ ಗುರುತಿನ ಚೀಟಿ ಎರಡನ್ನೂ ತೆಗೆದುಕೊಂಡು ಉಕ್ಕಿನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಅದು ನಮ್ಮಲ್ಲಿ ನಡೆದುಬಂದ ಪದ್ಧತಿ. ಕೆಲಸಕ್ಕೆ ಸೇರಿದವರ ಅಸಲು ಕಾಗದ ಬ್ಯೂರೋದಲ್ಲಿರಬೇಕು. ಚಾಳಿನ ಮನೆ ಸೋರುತ್ತದೆ, ನನ್ನ ಕಪಾಟಿನಲ್ಲಾದರೆ ಭದ್ರ ಎಂದು ಹೆಂಗಸರಿಗೆ ಹೇಳುತ್ತಿದ್ದೆ. ಆಯಾ ಕೇಳಿ ಬರುವ ಮನೆಯವರಿಗೆ ಮಾತ್ರ ಬೇರೆ ಮಾತು. "ಹೆದರಬೇಡಿ, ಕಾಗದ ನನ್ನ ಹತ್ರ ಉಂಟು, ಅವಳು ಎಲ್ಲಿಗೂ ಹೋಗುದಿಲ್ಲ" ಎನ್ನುತ್ತಿದ್ದೆ. ಎರಡೂ ಒಳ್ಳೆಯ ಮಾತೇ ಎಂದುಕೊಂಡಿದ್ದೆ.

ಅವಳನ್ನು ಕಳಂಬೋಲಿಗೆ ಕಳಿಸಿದೆ. ಅಲ್ಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಅಂಗಡಿಯಿದ್ದ ಬಾಗಲಕೋಟೆ ಕಡೆಯವರ ಮನೆ. ಸೊಂಟ ಮುರಿದುಕೊಂಡಿದ್ದ ಅಜ್ಜಿಗೆ ಕನ್ನಡ ಬಿಟ್ಟು ಇನ್ನೊಂದು ಭಾಷೆ ಬಾರದು. ಮೊದಲಿದ್ದ ಇಬ್ಬರು ಆಯಾಗಳನ್ನು ಅಜ್ಜಿ ಬೈದೇ ಓಡಿಸಿದ್ದಳು. ನಮ್ಮವಳ ಬೈಗುಳ ಅಜ್ಜಿಯದಕ್ಕಿಂತ ಖಾರವಾಗಿತ್ತಂತೆ. ಮೂರೇ ದಿನಕ್ಕೆ ಇಬ್ಬರೂ ಒಂದಾದರು.

ಸಂಕ್ರಾಂತಿ ಬಂತು. ಕುಬಸ ಮುಂದಿನ ಶುಕ್ರವಾರ ಎಂದು ಡೈರಿಯಲ್ಲಿ ಬರೆದುಕೊಂಡಿದ್ದೆ. ಫೋನಿನಲ್ಲಿ ರಜೆಯ ಮಾತೆತ್ತಿದರೆ ಆ ಮನೆಯ ಸೊಸೆ, "ಈಗ ಬ್ಯಾಡ್ರಿ, ಅತ್ತಿ ಬ್ಯಾರೆಯವರ ಕೈಲೆ ಉಣ್ಣಂಗಿಲ್ಲ. ಮುಂದಿನ ತಿಂಗಳ ನೋಡೋಣು" ಎಂದಳು. ಏಳನೇ ತಿಂಗಳಲ್ಲಿ ಮಾಡುವ ಕುಬಸ ಮುಂದಿನ ತಿಂಗಳಿಗೆ ಕಾಯುತ್ತದೆಯೇ? ಅವಳಿಗೆ ಫೋನ್ ಕೊಡಿ ಎಂದೆ. "ಆರಾಮ ಇದೀನ್ರಿ" ಎಂದಳು, ಬಾಯಿಪಾಠ ಒಪ್ಪಿಸಿದಂತೆ. ಅವಳ ಸ್ವಂತ ಮೊಬೈಲ್ ಯಾವಾಗ ಮಾಡಿದರೂ ಸ್ವಿಚ್ ಆಫ್.

ಪ್ರತಿ ವರ್ಷ ಸಂಕ್ರಾಂತಿ ಹೊತ್ತಿಗೆ ಬ್ಯೂರೋದಲ್ಲಿ ನಮ್ಮ ಹೆಂಗಸರಿಗೆಲ್ಲ ಅರಿಶಿನ ಕುಂಕುಮ ಇಟ್ಟುಕೊಳ್ಳುತ್ತಿದ್ದೆ. ಗಂಡ ಇದ್ದವರು, ಇಲ್ಲದವರು, ಇದ್ದೂ ಇಲ್ಲದವರು, ಯಾರೂ ಬಿಡುವಂತಿಲ್ಲ. ಎಳ್ಳುಂಡೆ, ಹೂವು, ಜೊತೆಗೆ ವಾಣ ಎಂದು ಒಂದು ಉಡುಗೊರೆ. ಆ ವರ್ಷ ಸ್ಟೀಲ್ ಡಬ್ಬಿ ತಂದಿದ್ದೆ. ಅರಿಶಿನ ಕುಂಕುಮಕ್ಕೆ ಕರೆದರೆ ಯಾವ ಮನೆಯವರೂ ಇಲ್ಲ ಎನ್ನುವುದಿಲ್ಲ. ಹತ್ತೊಂಬತ್ತು ಜನರಲ್ಲಿ ಹದಿನೆಂಟು ಜನ ಬಂದರು. ಕಳಂಬೋಲಿಯವಳು ಬರಲಿಲ್ಲ.

"ಜ್ವರವೋ ಎಂತದೋ, ಬಿಡು" ಎಂದರು ನನ್ನ ಗಂಡ. ಮೂವತ್ತು ವರ್ಷ ಹೋಟೆಲಿನ ಗಲ್ಲೆಯಲ್ಲಿ ಕೂತು ಬಂದವರು, ಯಾವುದಕ್ಕೂ ಗಡಿಬಿಡಿ ಇಲ್ಲ. ನನಗೆ ತಡೆಯಲಿಲ್ಲ. ಮರುದಿನ ಮಂಗಳವಾರ ಬೆಳಿಗ್ಗೆಯೇ ಡಬ್ಬಿ, ಹೂವು, ಕುಂಕುಮದ ಭರಣಿ ಚೀಲಕ್ಕೆ ತುಂಬಿ ಪನವೇಲ್ ಬಸ್ಸು ಹತ್ತಿದೆ. ಶೀಲ್ ಫಾಟಾದ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ನಿಂತು, ನನ್ನ ಸಿಟ್ಟು ಚೆನ್ನಾಗಿ ಕಾಯಿತು.

ಕಳಂಬೋಲಿಯಲ್ಲಿ ಇಳಿದು ಅವರ ಮೂರನೇ ಮಾಳಿಗೆ ಹತ್ತಿದೆ. ಹೊರಗಿನ ಜಾಲಿ ಬಾಗಿಲಿಗೆ ಮುಷ್ಟಿ ಗಾತ್ರದ ಬೀಗ. ಮನೆಯಲ್ಲಿ ಯಾರೂ ಇಲ್ಲವೆಂದು ತಿರುಗುವಷ್ಟರಲ್ಲಿ ಒಳಬಾಗಿಲು ತೆರೆದು ಅವಳು ಕಂಡಳು. ಹಿಂದೆ ಮಂಚದ ಮೇಲಿಂದ ಅಜ್ಜಿ ಕೂಗಿದಳು, "ಯಾರ ಬಂದಾರ? ಕೀಲಿ ತಂದಾರೇನು?"

ಅಜ್ಜಿಯ ಮಗ ಸೊಸೆ ದಿನಾ ಅಂಗಡಿಗೆ ಹೋಗುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದರು. ಮೊಬೈಲನ್ನೂ ಜೋಪಾನಕ್ಕೆಂದು ತೆಗೆದಿಟ್ಟುಕೊಂಡಿದ್ದರು. ಎರಡೂವರೆ ತಿಂಗಳಿಂದ ಅವಳು ಕೆಳಗಿಳಿದೇ ಇರಲಿಲ್ಲ. ಜಾಲಿಯ ನಡುವೆ ಬೆರಳು ತೂರಿಸಿ ಅವಳ ಹಣೆಗೆ ಕುಂಕುಮ ಇಟ್ಟೆ. ಹೂವು ಒಳಗೆ ಹೋಯಿತು, ಎಳ್ಳುಂಡೆ ಒಂದೊಂದಾಗಿ ಹೋಯಿತು. ಡಬ್ಬಿ ಮಾತ್ರ ತೂರಲಿಲ್ಲ. ಅದನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತೆ. ಸೊಸೆ ಊಟಕ್ಕೆ ಬರುವ ತನಕ ಮೂವರೂ ಜಾಲಿಯ ಮೂಲಕವೇ ಹರಟಿದೆವು. ಅಜ್ಜಿ ಎಳ್ಳುಂಡೆಗೆ ಬೆಲ್ಲ ಕಡಿಮೆಯಾಗಿದೆ ಎಂದು ಎರಡು ಸಲ ಹೇಳಿದಳು.

ಸೊಸೆ ಬಂದದ್ದೇ ನಾನು ಎದ್ದು ನಿಂತೆ. "ಬೆಂಕಿ ಬಿದ್ರೆ ಎಂತ ಮಾಡ್ತೀರಿ? ಮನುಷ್ಯರನ್ನು ಹೀಗೆ ಕೂಡಿ ಹಾಕುದಾ?" ಪೊಲೀಸು, ಕೋರ್ಟು, ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಎದುರು ಮನೆಯ ಬಾಗಿಲು ತೆರೆದುಕೊಂಡಿತು.

ಆಕೆ ಬೀಗ ತೆಗೆಯುತ್ತ ಸಮಾಧಾನವಾಗಿಯೇ ಹೇಳಿದಳು. "ಯಾಕ್ರೀ ಇಷ್ಟ ಸಿಟ್ಟಾಗ್ತೀರಿ? ಕಾಗದ ನನ್ನ ಕಡೆ ಅದಾವ, ಎಲ್ಲೂ ಹೋಗಂಗಿಲ್ಲ ಅಂತ ನೀವ ಹೇಳಿದ್ರಿ. ಮೊದಲ ಕೀಲಿ ಹಾಕಿದವರು ನೀವ. ನಾ ಎರಡನೇದು ಹಾಕೇನಿ."

ಹೌದೇನೇ ಎಂಬಂತೆ ನಮ್ಮವಳ ಮುಖ ನೋಡಿದೆ. ಇಲ್ಲ ಎನ್ನುತ್ತಾಳೆಂದು ಕಾದೆ.

"ಹೋಗಬೇಕಂದ್ರ ಮುಂಜಾನೆ ಕಸ ಬಾಗಲ ಹೊರಗ ಇಡೂ ಹೊತ್ತಿನ್ಯಾಗ ಹೋಗಬಹುದಿತ್ರಿ" ಎಂದಳು ನೆಲ ನೋಡುತ್ತ. "ರೇಷನ್ ಕಾರ್ಡ್ ನಿಮ್ಮ ಕಡೆ ಇತ್ತಲ್ರಿ ಅಕ್ಕಾರ. ಅದನ್ನ ಬಿಟ್ಟು ಹೆಂಗ ಹೋಗ್ಲಿ? ಸುಮ್ಮ ಕುಂತೆ."

ನಾಚಿಕೆಯಾಯಿತು. ಆ ಏಜೆಂಟನ ಕೊಡೆ ನೆನಪಾಯಿತು.

ಮಂಚದ ಮೇಲಿಂದ ಅಜ್ಜಿ ಸೊಸೆಗೆ ಹೇಳಿದಳು. "ಕಳಸವ್ವ ಆಕೀನ್ನ. ಎಂಟ ದಿನ ನಿನ್ನ ಕೈಲೆ ಗಂಜಿ ಕುಡದ್ರ ನಾ ಏನ ಸಾಯಂಗಿಲ್ಲ." ಸೊಸೆಗೆ ನಗು ಬಂತು. ಕೆಟ್ಟ ಹೆಂಗಸೇನಲ್ಲ. ಫ್ರಿಜ್ಜಿನ ಮೇಲಿನಿಂದ ಮೊಬೈಲ್ ತೆಗೆದುಕೊಟ್ಟಳು, ನನಗೂ ಅವಳಿಗೂ ರೊಟ್ಟಿ ಬಡಿಸಿ ಕಳಿಸಿದಳು.

ಇಬ್ಬರೂ ಬಸ್ಸಿನಲ್ಲಿ ಡೊಂಬಿವಲಿಗೆ ಬಂದೆವು. ಕಪಾಟು ತೆರೆದು ಅವಳ ಕಾಗದ ಕೊಟ್ಟೆ. ಅವಳು ಅದನ್ನು ಸ್ಟೀಲ್ ಡಬ್ಬಿಯೊಳಗಿಟ್ಟು ಮುಚ್ಚಳ ಒತ್ತಿ, ಸಂಜೆಯ ಗಾಡಿ ಹಿಡಿಯಲು ಕಲ್ಯಾಣಕ್ಕೆ ಹೊರಟಳು. ಅದೇ ವಾರ ಉಳಿದ ಹದಿನೆಂಟು ಜನರ ಕಾಗದಗಳನ್ನೂ ಝೆರಾಕ್ಸ್ ಮಾಡಿಸಿಕೊಂಡು ಹಿಂತಿರುಗಿಸಿದೆ. "ನಾಳೆಯೇ ಎಲ್ಲ ಓಡಿಹೋದ್ರೆ ಬ್ಯೂರೋ ಮುಚ್ಚಿ ನಾವಿಬ್ರೇ ಆಯಾ ಕೆಲಸಕ್ಕೆ ಹೋಗುದು" ಎಂದರು ಗಂಡ. ಯಾರೂ ಓಡಲಿಲ್ಲ. ಒಬ್ಬಳಂತೂ ಕಾಗದ ಬೇಡ, ನಿಮ್ಮಲ್ಲೇ ಇರಲಿ ಎಂದು ಅಳತೊಡಗಿದಳು. ಅವಳಿಗೆ ಗದರಿಸಿಯೇ ಕೊಡಬೇಕಾಯಿತು. ಆಮೇಲೆ ಹೊಸ ಮನೆಯವರು ಬಂದರೆ ಮೊದಲು ಕೇಳುತ್ತಿದ್ದೆ, ಹೊರಗಿನಿಂದ ಬೀಗ ಹಾಕುತ್ತೀರಾ, ವಾರಕ್ಕೊಂದು ರಜೆ ಯಾವತ್ತು, ಅವಳ ಫೋನ್ ಅವಳ ಕೈಯಲ್ಲೇ ಇರುತ್ತದೆಯೇ ಎಂದು. ಮುಖ ಗಂಟಿಕ್ಕಿದವರಿಗೆ ಚಹಾ ಕುಡಿಸಿ ಕಳಿಸುತ್ತಿದ್ದೆ.

ಎಂಟು ದಿನ ಕಳೆಯಿತು. ಅವಳು ಬರಲಿಲ್ಲ. ಒಂಬತ್ತು, ಹತ್ತು. ಗಂಡ ಮೀಸೆಯಲ್ಲೇ ನಗುತ್ತಿದ್ದರು. ಕಳಂಬೋಲಿಯ ಸೊಸೆ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದಳು. ಹನ್ನೊಂದನೇ ದಿನ ಊರಿಗೆ ಹೋದವಳದೇ ನಂಬರಿನಿಂದ ಫೋನ್ ಬಂತು.

"ಅಕ್ಕಾರ, ನಾ ಈಗ ಬರಂಗಿಲ್ರಿ. ಮಗಳದು ಹೆರಿಗಿ ಆಗೂತನ ಇಲ್ಲೇ ಇರ್ತೀನಿ."

ಯಾರನ್ನು ಕೇಳಿ ನಿಂತೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಕಷ್ಟಪಟ್ಟು ನುಂಗಿಕೊಂಡೆ.

"ಸೀರೆ ಉಡಿಸಿದ್ಯಾ ಮಾರಾಯ್ತಿ?" ಎಂದೆ.

"ಉಡಿಸೇನ್ರಿ" ಎಂದಳು. "ನನ್ನ ಕೈಲೆ ಉಡಿಸಿದೆ."