ಡಾಕ್ಟರ್ ಬಸವಲಿಂಗಪ್ಪನವರ ಗೋಲು

ಶೆಫೀಲ್ಡಿನ ಆಟರ್‌ಕ್ಲಿಫ್ ಬಡಾವಣೆಯಲ್ಲಿ ಡಾಕ್ಟರ್ ಬಸವಲಿಂಗಪ್ಪನವರು ಮೂವತ್ತೈದು ವರ್ಷ ಜಿಪಿ, ಅಂದರೆ ಕುಟುಂಬ ವೈದ್ಯರು, ಆಗಿದ್ದರು. ಅಷ್ಟು ವರ್ಷಗಳಲ್ಲಿ ಅವರ ಕೈಯಲ್ಲಿ ನಾಡಿ ಹಿಡಿಸಿಕೊಂಡ ಹೆಚ್ಚಿನವರು ಆ ಗೋಲಿನ ಕಥೆಯನ್ನು ಒಮ್ಮೆಯಾದರೂ ಕೇಳಿದ್ದರು. ೨೦೦೩ರಲ್ಲಿ ನಾನು ಅವರ ಕ್ಲಿನಿಕ್ಕಿಗೆ ಕಿರಿಯ ವೈದ್ಯೆಯಾಗಿ ಸೇರಿದಾಗ, ಮೊದಲ ದಿನವೇ, ಕೆಲಸದ ಪಾಳಿಯ ಪಟ್ಟಿ ತೋರಿಸುವುದಕ್ಕೆ ಮೊದಲು ನನಗೂ ಹೇಳಿದರು. ೧೯೫೯ರ ಡಿಸೆಂಬರ್. ಧಾರವಾಡದ ಕಾಲೇಜಿಗೂ ಬೆಳಗಾವಿಯ ಕಾಲೇಜಿಗೂ ಫುಟ್‌ಬಾಲ್ ಫೈನಲ್. ಬೆಳಗಾವಿಯವರು ಪಲ್ಟನ್ನಿನ ಸೈನಿಕರ ಜೊತೆ ಆಡಿ ಪಳಗಿದವರು, ಹನ್ನೊಂದು ಜನರಿಗೂ ಬೂಟು. ಧಾರವಾಡದವರಲ್ಲಿ ಅರ್ಧ ಜನ ಬರಿಗಾಲು. ಆಟ ಮುಗಿಯಲು ಮೂರು ನಿಮಿಷ ಇದೆ ಎನ್ನುವಾಗ ಕಾರ್ನರ್ ಬಂತು. "ನಾನು ಹಾರಿದೆ, ಹಣೆಗೆ ತಗುಲಿತು, ಒಳಗೆ ಹೋಯಿತು," ಎಂದು ಮುಗಿಸಿ ಹಣೆಯನ್ನು ಎರಡು ಬೆರಳಿಂದ ಮುಟ್ಟಿಕೊಳ್ಳುತ್ತಿದ್ದರು.

ಬೇರೆ ಊರಿನಲ್ಲಾಗಿದ್ದರೆ ಅದು ಬರಿಯ ಜಂಬದ ಮಾತಾಗುತ್ತಿತ್ತು. ಶೆಫೀಲ್ಡ್ ಎರಡು ಫುಟ್‌ಬಾಲ್ ತಂಡಗಳ ಹೆಸರಿನಲ್ಲಿ ಅಣ್ಣತಮ್ಮಂದಿರೂ ಮಾತು ಬಿಡುವ ಊರು. ೧೯೭೪ರಲ್ಲಿ ಅವರು ಕ್ಲಿನಿಕ್ಕಿನ ಬಾಗಿಲು ತೆರೆದಾಗ, ಉಕ್ಕಿನ ಕುಲುಮೆಯ ಕೆಲಸಗಾರನೊಬ್ಬ ಅವರ ಮುಖ ನೋಡಿ, "ಇಂಗ್ಲಿಷ್ ಡಾಕ್ಟರ್ ಯಾರೂ ಇಲ್ಲವಾ?" ಎಂದು ಕೇಳಿದ್ದನಂತೆ. ಇವರು ಸಿಟ್ಟಾಗಲಿಲ್ಲ. ಅವನ ಕೊರಳಿನ ಸ್ಕಾರ್ಫಿನ ಬಣ್ಣದಿಂದ ಅವನ ತಂಡ ಯಾವುದೆಂದು ಗುರುತಿಸಿ ಹಿಂದಿನ ಶನಿವಾರದ ಆಟದ ಮಾತು ತೆಗೆದರು. ಆಮೇಲೆ ತಮ್ಮ ಗೋಲಿನ ಕಥೆ. ಮರುವಾರ ಅವನು ಹೆಂಡತಿಯನ್ನೂ ಕರೆತಂದ. ಆ ಗೋಲು ಇಲ್ಲದಿದ್ದರೆ ಈ ಊರು ನನ್ನನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ ಎಂದು ಅವರೇ ಎಷ್ಟೋ ಸಲ ಹೇಳಿದ್ದುಂಟು.

ನಿವೃತ್ತರಾದ ಮೇಲೂ ನಮ್ಮ ಒಡನಾಟ ತಪ್ಪಲಿಲ್ಲ. ಅವರ ಹೆಂಡತಿ ಪುಟ್ಟಲಕ್ಷ್ಮಿಯವರು ತೀರಿಕೊಂಡ ಮೇಲೆ ಕನ್ನಡ ಸಂಘದ ಕಾರ್ಯಕ್ರಮಗಳಿಗೆ ನಾನೇ ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಹಾಗೆ ೨೦೨೪ರ ಸೆಪ್ಟೆಂಬರಿನಲ್ಲಿ ಗಣೇಶನ ಹಬ್ಬಕ್ಕೆ ಹೋಗಿದ್ದಾಗ, ಔಷಧ ವಿಜ್ಞಾನದಲ್ಲಿ ಎಂಎಸ್ಸಿ ಮಾಡಲು ಹುಬ್ಬಳ್ಳಿಯಿಂದ ಆಗಷ್ಟೇ ಬಂದಿದ್ದ ಹುಡುಗಿಯೊಬ್ಬಳು ನೇರವಾಗಿ ಬಂದು ಅವರ ಕಾಲಿಗೆ ನಮಸ್ಕರಿಸಿದಳು.

"ನನ್ನ ಹೆಸರು ಕೃತಿ ಅಂತ ರೀ. ನಿಮ್ಮ ಜೋಡಿ ಫುಟ್‌ಬಾಲ್ ಆಡ್ತಿದ್ರಲ್ಲ, ಕೆಂಚಪ್ಪ, ಅವ್ರ ಮೊಮ್ಮಗಳು. ಇಂಗ್ಲೆಂಡಿಗೆ ಹೋದ್ರ ನಿಮ್ಮನ್ನ ಹುಡುಕಿ ಮಾತಾಡ್ಸು ಅಂತ ನಮ್ಮಜ್ಜಿ ಹೇಳಿ ಕಳಿಸ್ಯಾಳ."

ಎಂಬತ್ತನಾಲ್ಕರ ಮನುಷ್ಯ ಕುರ್ಚಿಯ ಕೈ ಹಿಡಿದುಕೊಂಡರು. ಸಕ್ಕರೆ ಇಳಿದಿರಬೇಕೆಂದುಕೊಂಡು ನಾನು ಬಾಳೆಹಣ್ಣು ಸುಲಿದು ಕೊಟ್ಟೆ. ತಿನ್ನಲಿಲ್ಲ.

"ಕೆಂಚಪ್ಪ ಹೇಗಿದ್ದಾನೆ?" ಎಂದರು. ಅರವತ್ತೈದು ವರ್ಷಗಳಲ್ಲಿ ಒಂದು ಸಲವೂ ಕೇಳದ ಪ್ರಶ್ನೆ ಅದು ಎಂದು ಆಗ ನನಗೆ ಗೊತ್ತಿರಲಿಲ್ಲ.

"ಅಜ್ಜಾರು ಹೋಗಿ ಹದಿಮೂರು ವರ್ಷಾತ್ರಿ," ಎಂದಳು ಕೃತಿ.

ಅಕ್ಟೋಬರಿನ ಒಂದು ಭಾನುವಾರ ಅವಳನ್ನು ಊಟಕ್ಕೆ ಕರೆದರು. ನನಗೂ ಫೋನ್ ಮಾಡಿ, "ನೀನೂ ಬಾ ಶರ್ವಾಣಿ, ಒಬ್ಬನೇ ಇದ್ದರೆ ನನಗೆ ಮಾತು ಬರೋದಿಲ್ಲ," ಎಂದರು. ನಾನು ಬಿಸಿಬೇಳೆಬಾತ್ ಮಾಡಿಕೊಂಡು ಹೋದೆ. ಕೃತಿ ಅಜ್ಜಿ ಕಟ್ಟಿಕೊಟ್ಟ ಶೇಂಗಾ ಹೋಳಿಗೆ ತಂದಿದ್ದಳು. ಸಲಿಗೆಯ, ಬಾಯಿತುಂಬ ಮಾತಾಡುವ ಹುಡುಗಿ.

ಕೆಂಚಪ್ಪನವರ ತಂದೆ ಹುಬ್ಬಳ್ಳಿಯ ರೈಲ್ವೆ ಯಾರ್ಡಿನಲ್ಲಿ ಹಮಾಲರಾಗಿದ್ದರಂತೆ. ರೈಲ್ವೆ ಕಾಲೊನಿಯ ಆಂಗ್ಲೋ ಇಂಡಿಯನ್ ಹುಡುಗರ ಆಟವನ್ನು ಬೇಲಿಯಾಚೆ ನಿಂತು ನೋಡಿ ನೋಡಿಯೇ ಅವರು ಫುಟ್‌ಬಾಲ್ ಕಲಿತದ್ದು. ಡಾಕ್ಟರಾಗಬೇಕೆಂದಿದ್ದರು, ಸೀಟು ಸಿಗಲಿಲ್ಲ. ಕುಂದಗೋಳದ ಕಡೆ ಹಳ್ಳಿಯೊಂದರ ಶಾಲೆಯಲ್ಲಿ ಡ್ರಿಲ್ ಮಾಸ್ತರರಾಗಿ ನಿವೃತ್ತರಾದರು.

"ಹೆಡ್‌ಮಾಸ್ತರ್ ಆಗ್ರಿ ಅಂತ ಎರಡು ಸಲ ಕೇಳಿದ್ರಂತರಿ. ಬ್ಯಾಡ ಅಂದ್ರು. ನನ್ನ ನೆನಪು ನಂಬೂಹಂಗಿಲ್ಲ, ಕಾಗದಪತ್ರದ ಕೆಲಸ ನನಗ ಬ್ಯಾಡ ಅಂತ."

"ಯಾಕೆ, ಏನಾಗಿತ್ತು?" ಎಂದು ನಾನು ವೈದ್ಯೆಯ ಕುತೂಹಲದಿಂದ ಕೇಳಿದೆ.

ಕೃತಿ ನಕ್ಕಳು. "ಕಾಲೇಜಿನ್ಯಾಗ ತಲಿಗೆ ಪೆಟ್ಟು ಬಿದ್ದಿತ್ತಂತರಿ, ಅದ ಫೈನಲ್‌ನ್ಯಾಗ. ಆ ಗೋಲು ನಾನ ಹೊಡದೀನಿ ಅಂತ ಅಜ್ಜಾರಿಗೆ ಅನಿಸಿಬಿಟ್ಟಿತ್ತಂತ. ಇವ್ರು ಆಮೇಲೆ, ಇಲ್ಲಪ್ಪಾ, ಹೊಡದಾಂವ ನಾನು ಅಂತ ತಿಳಿಸಿ ಹೇಳಿದ್ರಂತ. ಮನ್ಯಾಗ ಏನರ ವಾದ ಬಂದ್ರ ಅಜ್ಜಾರು ಸೋತುಬಿಡ್ತಿದ್ರು. ನಂದು ಪೆಟ್ಟು ಬಿದ್ದ ತಲಿ, ನೀವು ಹೇಳಿದ್ದ ಖರೆ ಇರಬೇಕು ಅಂತಿದ್ರು."

ಬಸವಲಿಂಗಪ್ಪನವರು ಚಮಚ ಕೆಳಗಿಟ್ಟರು. ಇಷ್ಟು ವರ್ಷ ನಮ್ಮೊಡನೆ ಅಳೆದು ತೂಗಿದ ಬೆಂಗಳೂರು ಕನ್ನಡ ಆಡುತ್ತಿದ್ದವರ ಬಾಯಿಂದ ಧಾರವಾಡದ ಮಾತು ಬಂತು.

"ತಂಗೀ, ನಿಮ್ಮಜ್ಜನ ತಲಿಗೆ ಏನೂ ಆಗಿರಲಿಲ್ಲ. ಗೋಲು ಹೊಡದಾಂವ ಅವನ."

ಆಮೇಲೆ ಅವರು ಹೇಳಿದ್ದನ್ನು ಇಲ್ಲಿ ಅಡಕವಾಗಿ ಬರೆಯುತ್ತೇನೆ. ಕಾರ್ನರ್ ಬಂದಾಗ ಇಬ್ಬರೂ ಹಾರಿದರು. ಚೆಂಡು ಮುಟ್ಟಿದ್ದು ಕೆಂಚಪ್ಪನ ಹಣೆಯನ್ನು. ಗೋಲು ಹೋದ ಮರುಗಳಿಗೆ ಬೆಳಗಾವಿಯ ಗೋಲ್‌ಕೀಪರ್ ಅವನ ಮೇಲೆ ಬಿದ್ದ. ಕೆಂಚಪ್ಪ ಎಚ್ಚರ ತಪ್ಪಿದ. ಅವನನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಿದರು. ಕಂಬದ ಪಕ್ಕ ನಿಂತಿದ್ದ ಬಸವಲಿಂಗಪ್ಪನನ್ನು ಹುಡುಗರು ಹೆಗಲ ಮೇಲೆ ಎತ್ತಿದರು. ಕ್ರೀಡಾ ಕಾರ್ಯದರ್ಶಿ ನೋಟ್‌ಬುಕ್ ಹಿಡಿದು ಬಂದು, ಹೊಡೆದವರು ಯಾರು ಎಂದು ಕೇಳಿದ. ಇವರು "ನಾನು" ಎಂದರು. ಆ ಹೆಸರೇ ಕಾಲೇಜಿನ ಬೋರ್ಡಿಗೆ ಏರಿತು.

"ಆವತ್ತು ಆ ಮಾತು ಹುಡುಗಾಟದಾಗ ಬಂತು," ಎಂದರು. "ನಾಳೆ ಹೇಳಿದ್ರಾತು ಅನಕೊಂಡಿದ್ದೆ. ಆದ್ರ ಮೂರು ದಿನದ ಮ್ಯಾಲ ಕೆಂಚಪ್ಪ ಹಾಸ್ಟೆಲ್ಲಿಗೆ ಬಂದ. ನನ್ನ ಖೋಲಿಗೆ ಬಂದು, ಬಸೂ, ಬೋರ್ಡ್ ಮ್ಯಾಲ ನಿನ್ನ ಹೆಸರು ಐತಲ್ಲೋ, ಹೊಡದಾಂವ ನಾನಲ್ಲೇನು ಅಂದ. ಆಗ ನಾ ಹುಡುಗಾಟ ಮಾಡಲಿಲ್ಲ. ಪೂರಾ ವಿಚಾರ ಮಾಡಿ ಹೇಳಿದೆ. ತಲಿಗೆ ಪೆಟ್ಟು ಬಿದ್ದದ, ನಿನಗ ನೆನಪಿಲ್ಲ ಅಂದೆ. ಅವ ಸ್ವಲ್ಪ ಹೊತ್ತು ನಿಂತು, ಹೌದೇನೋ ಅಂತ ಹೋದ."

ಮುಂದಿನ ಬೇಸಿಗೆಯಲ್ಲಿ ಮೆಡಿಕಲ್ ಕಾಲೇಜಿನಲ್ಲಿ ಆಟಗಾರರಿಗೆಂದು ಇಟ್ಟಿದ್ದ ಒಂದು ಸೀಟಿಗೆ ಇಬ್ಬರೂ ಅರ್ಜಿ ಹಾಕಿದರು. ಅಂಕಗಳಲ್ಲಿ ಕೆಂಚಪ್ಪನೇ ಮುಂದೆ. ಆದರೆ ಫೈನಲ್ ಗೆಲ್ಲಿಸಿದವನು ಎಂಬ ಪ್ರಮಾಣಪತ್ರ ಇದ್ದದ್ದು ಇವರ ಕೈಯಲ್ಲಿ.

ಕೃತಿ ಅಳಲಿಲ್ಲ. ತಟ್ಟೆಯಲ್ಲಿ ಉಳಿದಿದ್ದ ಅನ್ನವನ್ನು ಒಂದು ಬದಿಗೆ ಒತ್ತಿದಳು.

"ಹೇಳಿ ಹಗುರಾತೇನ್ರಿ ನಿಮಗ?" ಎಂದಳು.

"ಇಲ್ಲವ್ವಾ."

"ಮೆಡಿಕಲ್ ಓದಿದ್ರಲ್ಲ. ತಲಿಗೆ ಪೆಟ್ಟು ಬಿದ್ರ ಏನು ನೆನಪಿರ್ತದ, ಏನು ಮರೀತದ, ಅದನ್ನೂ ಓದಿರ್ತೀರಿ. ಆವಾಗರ ಒಂದು ಕಾಗದ ಬರಿಬೇಕು ಅನಿಸಲಿಲ್ಲೇನ್ರಿ?"

ಅವರು ನೀರಿನ ಲೋಟವನ್ನು ಅವಳ ಕಡೆಗೆ ಸರಿಸಿದರು. ಇಂಗ್ಲಿಷ್ ಡಾಕ್ಟರ್ ಇಲ್ಲವಾ ಎಂದವನ ಕಥೆ ನನಗೆ ನೆನಪಾಯಿತು. ಆ ಕಾಗದ ಬರೆಯದೆ ಉಳಿಸಿಕೊಂಡ ಗೋಲನ್ನೇ ಅವರು ಇಲ್ಲಿ ಊರು ತುಂಬ ಹಂಚಿದ್ದರು.

ಹೊರಡುವಾಗ ಕೃತಿ ಬಾಗಿಲಲ್ಲಿ ನಿಂತು ಹೇಳಿದಳು: "ನವೆಂಬರಿನ್ಯಾಗ ಸಂಘದವ್ರು ನಿಮಗ ಸನ್ಮಾನ ಮಾಡ್ತಾರಂತ. ಅಲ್ಲೆ ಎಲ್ಲಾರ ಮುಂದ ಹೇಳ್ರಿ. ನಾನು ಫೋನಿನ್ಯಾಗ ವಿಡಿಯೊ ತಗೊಂಡು ಅಜ್ಜಿಗೆ ಕಳಸ್ತೀನಿ. ನನ್ನ ಬಾಯಿಂದ ನಾ ಹೇಳಂಗಿಲ್ಲ."

ಲೀಡ್ಸ್‌ನಲ್ಲಿರುವ ಮಗ ಸ್ಕಂದನಿಗೆ ಅವರು ವಿಷಯ ತಿಳಿಸಿದರು. ಅವನಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. "ಡ್ಯಾಡ್, ಇಟ್ ವಾಸ್ ಎ ಗೇಮ್. ನೋಬಡಿ ಕೇರ್ಸ್," ಎಂದನಂತೆ. ಇವರಿಗೆ ಸಿಟ್ಟು ಬಂತು. ಎಲ್ಲರ ಎದುರು ತಲೆ ತಗ್ಗಿಸಲು ತಯಾರಾಗುತ್ತಿದ್ದವರಿಗೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ ಎಂಬ ಮಾತು ಬೈಗುಳಕ್ಕಿಂತ ಕೆಟ್ಟದಾಗಿ ಕೇಳಿಸಿರಬೇಕು.

ರಾಜ್ಯೋತ್ಸವ ನಡೆದದ್ದು ಟ್ರಾಮ್ ನಿಲ್ದಾಣದ ಪಕ್ಕದ ಶಾಲೆಯೊಂದರ ಹಾಲ್‌ನಲ್ಲಿ. ಇನ್ನೂರು ಜನ ಸೇರಿದ್ದರು. ಶೆಫೀಲ್ಡಿನ ಆಸ್ಪತ್ರೆಗಳ ಡಾಕ್ಟರುಗಳು, ಲಫ್‌ಬರೋದಿಂದ ಬಸ್ಸು ಹಿಡಿದು ಬಂದ ವಿದ್ಯಾರ್ಥಿಗಳು, ಅರಿಶಿನ ಕೆಂಪು ಬಾವುಟ ಹಿಡಿದ ಮಕ್ಕಳು. ಸಂಘದ ಅಧ್ಯಕ್ಷ ಉಮೇಶ ಅರಿವಳಿಕೆ ತಜ್ಞ, ಉತ್ಸಾಹಿ ಮನುಷ್ಯ. ವೇದಿಕೆಯ ಹಿಂದಿನ ಪರದೆಯ ಮೇಲೆ ದೊಡ್ಡದೊಂದು ಫುಟ್‌ಬಾಲ್ ಚಿತ್ರ ಹಾಕಿಸಿ, ಅದರ ಕೆಳಗೆ "೧೯೫೯ರ ಹೀರೋ" ಎಂದು ಬರೆಸಿದ್ದ.

ಬಸವಲಿಂಗಪ್ಪನವರು ಮೈಕ್ ಹಿಡಿದರು. ಬರೆದುಕೊಂಡು ಬಂದಿದ್ದರೂ ಕಾಗದ ತೆಗೆಯಲಿಲ್ಲ.

"ಆ ಗೋಲು ನಾನು ಹೊಡೆದದ್ದಲ್ಲ. ನನ್ನ ಸ್ನೇಹಿತ ಕೆಂಚಪ್ಪ ಹೊಡೆದದ್ದು. ನಾನು ಸುಳ್ಳು ಹೇಳಿ ನನ್ನ ಹೆಸರು ಬರೆಸಿಕೊಂಡೆ."

ಮುಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅದು ಹಿಂದಕ್ಕೆ ಹಬ್ಬಿತು. ಉಮೇಶ ಓಡಿ ಬಂದು ಇನ್ನೊಂದು ಮೈಕಿನಲ್ಲಿ, "ನೋಡಿ, ಇದು ದೊಡ್ಡತನ ಅಂದರೆ! ತಮ್ಮ ಗೋಲನ್ನೂ ಟೀಮ್‌ಮೇಟ್‌ಗೆ ಬಿಟ್ಟುಕೊಡ್ತಿದ್ದಾರೆ. ನಮ್ಮ ಹಿರಿಯರ ಹ್ಯುಮಿಲಿಟಿ ಅಂದರೆ ಇದು!" ಎಂದ.

"ಬಿಟ್ಟುಕೊಡ್ತಾ ಇಲ್ಲ," ಎಂದರು ಬಸವಲಿಂಗಪ್ಪನವರು. "ಕದ್ದೆ. ಅವನ ಸೀಟೂ ನನಗೆ ಸಿಕ್ಕಿತು. ನಾನು ಕದ್ದೆ ಅಂತ ಹೇಳ್ತಾ ಇದ್ದೀನಿ."

ಚಪ್ಪಾಳೆ ಇನ್ನೂ ಜೋರಾಯಿತು. ಕೆಲವರು ಎದ್ದು ನಿಂತರು. ನನ್ನ ಪಕ್ಕದಲ್ಲಿದ್ದ ಹೆಂಗಸು ಕಣ್ಣು ಒರೆಸಿಕೊಳ್ಳುತ್ತಾ, "ಎಂಥ ವಿನಯ," ಎಂದಳು. ಎಲ್ಲ ಗೊತ್ತಿದ್ದ ನನ್ನ ಕೈಗಳೂ ಒಂದೆರಡು ಸಲ ತಟ್ಟಿದ್ದು ನನಗೆ ತಡವಾಗಿ ಅರಿವಿಗೆ ಬಂತು. ಉಮೇಶ ಶಾಲು ಹೊದಿಸಿ, ಪೇಟ ತೊಡಿಸಿ, ಅವರ ಕೈಯಿಂದ ಮೈಕ್ ತೆಗೆದುಕೊಂಡ. ಮಕ್ಕಳ ನೃತ್ಯದ ಸಂಗೀತ ಶುರುವಾಯಿತು. ಪೇಟ ಹಣೆಯ ಮೇಲೆ ಜಾರುತ್ತಿದ್ದರೂ ಸರಿಮಾಡಿಕೊಳ್ಳದೆ ಅವರು ವೇದಿಕೆಯ ಮೆಟ್ಟಿಲಲ್ಲಿ ನಿಂತುಬಿಟ್ಟರು.

ಕೃತಿ ಹಾಲಿನ ಕೊನೆಯಲ್ಲಿ ಗೋಡೆಗೆ ಒರಗಿ ಫೋನು ಹಿಡಿದಿದ್ದಳು. ಚಪ್ಪಾಳೆ ಏರಿದಾಗ ಕೈ ಇಳಿಸಿದಳು. ನಾನು ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ಬರುವಷ್ಟರಲ್ಲಿ ಅವಳು ಟ್ರಾಮ್ ಹತ್ತುತ್ತಿದ್ದಳು.

"ಅವ್ರು ಹೇಳಿದ್ರಲ್ಲ ಕೃತಿ," ಎಂದು ಕೂಗಿದೆ.

"ಹೇಳಿದ್ರು," ಎಂದಳು. "ಅದಕ್ಕೂ ಶಾಲು ಹೊದಿಸಿಕೊಂಡ್ರಲ್ರಿ." ಬಾಗಿಲು ಮುಚ್ಚಿತು.

ವಿಡಿಯೊವನ್ನು ಅವಳು ಅಜ್ಜಿಗೆ ಕಳಿಸಲಿಲ್ಲ. ಬಸವಲಿಂಗಪ್ಪನವರು ಮೂರು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಅವರು ಕಾಲೇಜಿಗೆ ಪತ್ರ ಬರೆದು ಬೋರ್ಡಿನ ಮೇಲಿನ ಹೆಸರು ತಿದ್ದಬೇಕೆಂದು ಕೇಳಿಕೊಂಡರು. ಕಟ್ಟಡ ರಿಪೇರಿ ಮಾಡಿದಾಗ ಆ ಹಳೆಯ ಬೋರ್ಡುಗಳನ್ನೆಲ್ಲ ತೆಗೆದುಹಾಕಲಾಗಿದೆ, ತಾವು ಸಂಸ್ಥೆಯ ಹೆಮ್ಮೆಯ ಹಳೆಯ ವಿದ್ಯಾರ್ಥಿ, ಊರಿಗೆ ಬಂದಾಗ ದಯವಿಟ್ಟು ಭೇಟಿ ಕೊಡಿ ಎಂದು ಎರಡು ಸಾಲಿನ ಉತ್ತರ ಬಂತು. ತಿದ್ದಲು ಎಲ್ಲಿಯೂ ಏನೂ ಉಳಿದಿರಲಿಲ್ಲ.

ಉಳಿದದ್ದು ಕೆಂಚಪ್ಪನವರ ಹೆಂಡತಿ ಒಬ್ಬರೇ. ಅವರ ನಂಬರನ್ನು ನಾನು ಕೃತಿಗೆ ಮೆಸೇಜ್ ಮಾಡಿ ಕೇಳಿದೆ. ಎರಡು ದಿನ ಬಿಟ್ಟು ನಂಬರ್ ಬಂತು, ಬೇರೆ ಒಂದಕ್ಷರವೂ ಇರಲಿಲ್ಲ. ಒಂದು ಬೆಳಗ್ಗೆ ಬಸವಲಿಂಗಪ್ಪನವರ ಅಡುಗೆಮನೆಯಲ್ಲಿ ಕುಳಿತು, ಅವರ ಕಿವಿ ಮಂದವಾದ್ದರಿಂದ ಸ್ಪೀಕರ್ ಹಾಕಿ, ಹುಬ್ಬಳ್ಳಿಗೆ ಫೋನ್ ಮಾಡಿದೆವು. ದ್ಯಾಮವ್ವನವರು ಹಿಗ್ಗಿನಿಂದಲೇ ಮಾತಾಡಿದರು. ಮೊಮ್ಮಗಳು ಸರಿಯಾಗಿ ಊಟ ಮಾಡುತ್ತಾಳೋ ಇಲ್ಲವೋ ಎಂದು ವಿಚಾರಿಸಿದರು. ಬಸವಲಿಂಗಪ್ಪನವರು ಮಾತು ತಡೆದು, ಏನನ್ನೂ ಬಿಡದೆ, ಏನನ್ನೂ ಮೆತ್ತಗೆ ಮಾಡದೆ ಎಲ್ಲವನ್ನೂ ಹೇಳಿದರು.

ಆಚೆ ದ್ಯಾಮವ್ವನವರು ಯಾರಿಗೋ ಟಿವಿ ಆರಿಸಲು ಹೇಳಿದರು.

"ಅವ್ರಿಗೆ ಸೀಟು ತಪ್ಪಿದ್ದು ಹೋಗ್ಲಿರಿ," ಎಂದರು ಆಮೇಲೆ. "ಮಾಸ್ತರಿಕಿ ಮಾಡಿ ನಾಲ್ಕು ಮಕ್ಕಳನ್ನ ಓದಿಸಿದ್ರು. ಆದ್ರ ನಾನ ಅವ್ರಿಗೆ ಎಷ್ಟು ಸಲ ಅಂದೀನಿ ಗೊತ್ತೇನ್ರಿ, ಸುಮ್ನ ಕೂಡ್ರಿ, ನಿಮ್ಮ ತಲಿ ನೆಟ್ಟಗಿಲ್ಲ ಅಂತ. ಹೊಲದ ಬದುವಿನ ಜಗಳದಾಗ ಅವ್ರು ಹೇಳಿದ್ದ ಖರೆ ಇತ್ತು. ನಾವ್ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ. ಇದನ್ನ ಈಗ ನಾ ಯಾರ ಮುಂದ ಹೋಗಿ ಹೇಳ್ಲಿ?"

"ತಪ್ಪಾತವ್ವಾ," ಎಂದರು ಬಸವಲಿಂಗಪ್ಪನವರು.

"ಇನ್ನ ಫೋನ್ ಮಾಡಬ್ಯಾಡ್ರಿ," ಎಂದು ಆಕೆ ಇಟ್ಟುಬಿಟ್ಟರು.

ಕೃತಿ ಕಳೆದ ಶರತ್ಕಾಲದಲ್ಲಿ ಕೋರ್ಸ್ ಮುಗಿಸಿದಳು. ಮ್ಯಾಕಲ್ಸ್‌ಫೀಲ್ಡಿನ ಔಷಧ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ ಎಂದು ನನಗೆ ಮೆಸೇಜ್ ಕಳಿಸಿದ್ದಳು. ಬಸವಲಿಂಗಪ್ಪನವರು ಸಂಘದ ಕಾರ್ಯಕ್ರಮಗಳಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಅಲ್ಲಿ ಈಗಲೂ ಅವರ ವಿನಯದ ಮಾತು ಬರುತ್ತದೆ. ಉಮೇಶ ಯುವಕರಿಗೆ ಉದಾಹರಣೆ ಕೊಡುತ್ತಾನೆ. ನಾನು ವಾರಕ್ಕೊಮ್ಮೆ ಹೋಗಿ ಅವರ ಬಿಪಿ ನೋಡಿ ಬರುತ್ತೇನೆ. ಮೊನ್ನೆ ಪಟ್ಟಿ ಬಿಚ್ಚುತ್ತಿದ್ದಾಗ, "ಕೃತಿ ನನ್ನ ವಿಷಯ ಏನಾದರೂ ಕೇಳಿದ್ದಳಾ?" ಎಂದರು.

ಇಲ್ಲ ಎಂದೆ. ಅವರು ತಲೆಯಾಡಿಸಿ ಅಂಗಿಯ ತೋಳು ಕೆಳಗಿಳಿಸಿಕೊಂಡರು.