ಮೊಡವೆ ಮಾತ್ರೆ ಮತ್ತು ನನ್ನ ಮಿದುಳು

ನಮ್ಮ ಮನೆಯಲ್ಲಿ ಯಾವ ಮಾತ್ರೆಯೂ ತಾನು ಬಂದ ಕಾಯಿಲೆಗಷ್ಟೇ ಖರ್ಚಾದದ್ದಿಲ್ಲ. ಬಿಸ್ಕತ್ತಿನ ಹಳೇ ಡಬ್ಬದ ತುಂಬ ಉಳಿದ ಮಾತ್ರೆಗಳು. ಹಂಚುವ ದೊಡ್ಡ ಮನುಷ್ಯ ನಾನು. ಹಲ್ಲುನೋವಿನದನ್ನು ಮಂಡಿನೋವಿಗೆ ಕೊಟ್ಟೆ, ಕೆಮ್ಮಿನ ಔಷಧಿಯನ್ನು ನಿದ್ದೆಗೆ ಕೊಟ್ಟೆ. ಮೂಕಂಡಪಲ್ಲಿಯ ನಮ್ಮ ಬೀದಿಯಲ್ಲಿ ಯಾರೂ ಸಾಯಲಿಲ್ಲ. ಅದು ಅವರ ಪುಣ್ಯ, ನನ್ನದಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಕಾಫಿ ಲೋಟ ಬಲಗೈಯಿಂದ ಜಾರಿತು. ಬಾಯಿ ಸೊಟ್ಟಗಾಯಿತು, ಮಾತು ನಿಂತಿತು. ಹೊಸೂರಿನ ಆಸ್ಪತ್ರೆಯಲ್ಲಿ ಸ್ಟ್ರೋಕ್ ಅಂದರು. ಮಾಮೂಲಿ ಚಿಕಿತ್ಸೆ ಶುರುವಾದ ಮೇಲೆ ಡಾಕ್ಟರಮ್ಮ ಒಂದು ಫಾರಂ ಹಿಡಿದು ಬಂದು, ತಮಿಳು ಬೆರೆಸಿದ ಕನ್ನಡದಲ್ಲಿ ನನ್ನ ಹೆಂಡತಿಗೆ ಬಿಡಿಸಿ ಹೇಳಿದರು: ಹಳೇ ಮಾತ್ರೆಯೊಂದಿದೆ, ಬಹಳ ಕಾಲದಿಂದ ಮೊಡವೆಗೆ ಕೊಡುತ್ತಾರೆ, ಸ್ಟ್ರೋಕ್ ಆದ ಮಿದುಳು ಇನ್ನಷ್ಟು ಹಾಳಾಗದಂತೆ ಅದು ಕಾಯುತ್ತದೆಯೇ ಎಂದು ಪರೀಕ್ಷಿಸುತ್ತಿದ್ದೇವೆ. ಗ್ಯಾರಂಟಿ ಇಲ್ಲ. ಸೇರುವುದಾದರೆ ಸಂಜೆಯೊಳಗೆ ಸಹಿ ಬೇಕು.

ಹೆಂಡತಿ ಪೆನ್ನು ತೆಗೆದುಕೊಂಡಳು. ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿರುವ ಅವಳ ತಮ್ಮ ಅದನ್ನು ಕಿತ್ತುಕೊಂಡ.

"ಮೊಡವೆ ಮಾತ್ರೆನಾ? ನನ್ ಮಗಳು ನುಂಗ್ತಾಳಲ್ಲ, ಅದು! ಭಾವನ್ನ ಟ್ರಯಲ್ ಪೀಸ್ ಮಾಡ್ತಾವ್ರೆ ಕಣಕ್ಕ. ಸುಮ್ಕಿರು."

ಅಯ್ಯೋ ಮುಠ್ಠಾಳ, ಸಹಿ ಹಾಕಿಸೋ ಎಂದು ಒಳಗೇ ಕೂಗಿದೆ. ನನಗೆ ನನ್ನ ಮಾತು ಬೇಕಿತ್ತು, ಇನ್ನೇನೂ ಬೇಕಿರಲಿಲ್ಲ. ಹೊರಗೆ ಬಂದದ್ದು ಬರೀ ಜೊಲ್ಲು. ಎಡಗೈ ಎತ್ತಿ ಪೆನ್ನಿನ ಕಡೆ ಆಡಿಸಿದೆ.

"ನೋಡ್ದೇನಕ್ಕ? ಭಾವನೇ ಬ್ಯಾಡ ಅಂತಾವ್ನೆ!"

ಸಂಜೆಯಾಯಿತು. ಡಾಕ್ಟರಮ್ಮ ಖಾಲಿ ಫಾರಂ ಮಡಿಸಿಕೊಂಡು ಹೋದರು.

ಐದು ವಾರ ಮನೆಯಲ್ಲಿ ಮೂಗನಾಗಿ ಕೂತೆ. ಒಂದು ಭಾನುವಾರ ಭಾವಮೈದ ಜಂಬದ ಮುಖ ಹೊತ್ತು ಬಂದ. ಮೊಬೈಲಿನಲ್ಲಿ ಏನೋ ಓದಿದ್ದನಂತೆ. ಜೇಬಿನಿಂದ ಮಗಳ ಮಾತ್ರೆ ತೆಗೆದ.

"ಅಕ್ಕ, ಇದು ಮಿದುಳ್ಗೆ ಭಾಳ ಒಳ್ಳೇದಂತೆ. ಏನೂ ಭಯ ಇಲ್ಲ, ಮೊಡವೆಗೆ ಕೊಡೋದು ತಾನೆ! ಬಾಯಿ ತೆಗಿ ಭಾವ."

ಹೆಂಡತಿ ನೀರು ತಂದಳು. ಡಾಕ್ಟರನ್ನು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಹೇಗೆ ಹೊಳೆದೀತು, ಕಲಿಸಿದವನು ನಾನೇ ಅಲ್ಲವೆ? ನಾಚಿಕೆಯೂ ಆಯಿತು, ಮೈಯೆಲ್ಲ ಉರಿಯಿತು. ಹಲ್ಲು ಕಚ್ಚಿಕೊಂಡೆ. ಐದು ವಾರದ ಸಿಟ್ಟೆಲ್ಲ ಗಂಟಲಿಗೆ ಬಂತು.

"ಬ್ಯಾ...ಡ!"

ಹೆಂಡತಿಯ ಕೈಯಿಂದ ಲೋಟ ಬಿತ್ತು. "ಇನ್ನೊಂದ್ಸಲ ಅನ್ರೀ" ಎಂದು ಅತ್ತಳು.

"ನೋಡ್ದೇನಕ್ಕ! ಇನ್ನೂ ನುಂಗೇ ಇಲ್ಲ, ಆಗ್ಲೇ ಕೆಲ್ಸ ಮಾಡ್ತೈತೆ!" ಅಂದ ಭಾವಮೈದ.

ನಾನು ಇನ್ನೊಂದು ಸಲ ಅಂದೆ. ಆಸ್ಪತ್ರೆಯಲ್ಲಿ ಆ ದಿನ ಬೇಕಿದ್ದದ್ದು "ಹೂಂ" ಅನ್ನುವ ಒಂದೇ ಮಾತು. ಅದೂ ಈಗ ಸಲೀಸಾಗಿ ಬರುತ್ತದೆ. ಫಾರಂ ಹಿಡಿದು ಕೇಳುವವರು ಮಾತ್ರ ಇಲ್ಲ.